ರಸ್ತೆಯಲ್ಲಿ ಹೊರಡುವವರಿಗೆ: ಭಾನುವಾರದ ಕರೆ ತಪ್ಪಿಸಬೇಡಿ

ಎಲ್ಲರಿಗೂ ನಮಸ್ಕಾರ.

ಮುಂದಿನ ವಾರ ದಕ್ಷಿಣ ಸುಡಾನಿನ ರಾಜಧಾನಿ ಜುಬಾದಿಂದ ನೆರವಿನ ಕೆಲಸಕ್ಕೆ ರಸ್ತೆಯಲ್ಲಿ ಹೊರಡುವ ನರ್ಸ್, ಲ್ಯಾಬ್, ಸ್ಟೋರಿನವರೆಲ್ಲ ಇದನ್ನು ಪೂರ್ತಿ ಓದಿ. ಭಾನುವಾರ ಭಾರತದ ಸಮಯ ಸಂಜೆ 7ಕ್ಕೆ, ಅಂದರೆ ಜುಬಾದಲ್ಲಿ ಮಧ್ಯಾಹ್ನ 3.30ಕ್ಕೆ, ಗುಂಪಿನಲ್ಲೇ ವಿಡಿಯೊ ಕರೆ ಇದೆ. ಊರಿನಿಂದ ಮನೆಯವರೊಬ್ಬರೂ ಸೇರಲಿ.

ಗಾಡಿಗೆ ಸಂಸ್ಥೆಯ ಲೋಗೋ ಇದ್ದರೆ ಸಾಕಲ್ವಾ ಅಂತ ಕೆಲವರು ಕೇಳಿದ್ದೀರಿ. ಸಾಲದು. 2024ರ ಏಪ್ರಿಲ್ 1ರಂದು ಗಾಜಾದಲ್ಲಿ ಊಟ ಹಂಚುವ ನೆರವು ಸಂಸ್ಥೆ ವರ್ಲ್ಡ್ ಸೆಂಟ್ರಲ್ ಕಿಚನ್‌ನ 7 ಜನ ಇಸ್ರೇಲಿ ದಾಳಿಯಲ್ಲಿ ಸತ್ತರು. ಕಾರಿನ ಮೇಲೆ ಲೋಗೋ ಇತ್ತು. ಹೋಗುವ ದಾರಿಯನ್ನೂ ಸೇನೆಗೆ ಮೊದಲೇ ತಿಳಿಸಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಲಕುತ್ತದೆ.

ಅದಕ್ಕೇ ನಮ್ಮ ಕೈಯಲ್ಲಿರುವುದನ್ನಾದರೂ ಬಿಡದೆ ಮಾಡೋಣ. ಹೊರಟಾಗ, ಪ್ರತಿ ಚೆಕ್‌ಪೋಸ್ಟ್ ದಾಟಿದಾಗ, ತಲುಪಿದಾಗ ಕ್ಯಾಂಪಿನ ರೇಡಿಯೊ ರೂಮಿಗೆ ತಿಳಿಸಿ. ಚೆಕ್‌ಪೋಸ್ಟಿನಲ್ಲಿ ಗಾಜು ಇಳಿಸಿ, ಕೈ ಕಾಣುವಂತಿರಲಿ, ಫೋನ್ ಹೊರಗೆ ತೆಗೆಯಬೇಡಿ. ಕತ್ತಲಾದ ಮೇಲೆ ಪ್ರಯಾಣ ಬೇಡವೇ ಬೇಡ. ಫೋಟೊ, ಲೊಕೇಶನ್ ಇಲ್ಲಿ ಹಾಕಬೇಡಿ, ವಾಪಸ್ ಬಂದ ಮೇಲೆ ಹಾಕಿ.

ಡ್ರೈವರ್‌ಗಳನ್ನು ಮರೆಯಬೇಡಿ. ಇಂಥ ದಾಳಿಗಳಲ್ಲಿ ಜಾಸ್ತಿ ಸಾಯುವುದು ಆಯಾ ದೇಶದ ಸಿಬ್ಬಂದಿಯೇ. ನಿಮಗೆ ಹೆಲ್ಮೆಟ್, ಜಾಕೆಟ್ ಕೊಟ್ಟು ಅವರಿಗೆ ಕೊಡದಿದ್ದರೆ ಗಾಡಿ ಹತ್ತಬೇಡಿ, ಕೇಳಿ ಪಡೆಯಿರಿ.

ವಿಶ್ವಸಂಸ್ಥೆಯ ‘ಬಿಸೇಫ್’ ಎಂಬ ಸುರಕ್ಷತೆಯ ಆನ್‌ಲೈನ್ ತರಬೇತಿ ಉಚಿತ. ಮುಗಿಸದವರು ಶನಿವಾರದೊಳಗೆ ಮುಗಿಸಿ.

ಕರೆಗೆ ಬರುವವರು ‘ಬರ್ತೀನಿ’ ಅಂತ ಇಲ್ಲೇ ಬರೆಯಿರಿ. ರಕ್ತದ ಗುಂಪು, ಮನೆಯವರ ನಂಬರನ್ನು ಮಾತ್ರ ನನಗೆ ಪ್ರತ್ಯೇಕವಾಗಿ ಕಳಿಸಿ.