ಸುಂಕ ಎಷ್ಟಾದರೂ ಹಾಕಿ, ನಾಳೆಯೂ ಅಷ್ಟೇ ಇರಲಿ: ಸಂಸದ ಶ್ರೀ ಠಾಣೇದಾರ್ ಅವರಿಗೆ ಬಹಿರಂಗ ಪತ್ರ

ಡೆಟ್ರಾಯಿಟ್, 16 ನವೆಂಬರ್ 2025

ಅಮೆರಿಕದ ಪ್ರತಿನಿಧಿ ಸಭೆಯ ಮಾನ್ಯ ಸಂಸದ ಶ್ರೀ ಠಾಣೇದಾರ್ ಅವರಿಗೆ,

ನಮಸ್ಕಾರಗಳು. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ತಲುಪಿರುತ್ತದೆ. ಕನ್ನಡದಲ್ಲಿ ಬಹಿರಂಗವಾಗಿಯೂ ಬರೆಯುತ್ತಿರುವುದು ಮಿಷಿಗನ್ನಿನ ಕನ್ನಡಿಗರು ಓದಲಿ ಎಂದು. ನೀವು ಚಿಕ್ಕೋಡಿಯಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಬೆಳೆದವರು, ಕರ್ನಾಟಕ ವಿಶ್ವವಿದ್ಯಾಲಯದ ಪದವೀಧರರು. ಅದಕ್ಕಿಂತ ಮುಖ್ಯವಾಗಿ, ರಾಜಕೀಯಕ್ಕೆ ಬರುವ ಮೊದಲು ಸ್ವಂತ ಉದ್ದಿಮೆ ನಡೆಸಿದವರು. ಯಂತ್ರ ಕೊಳ್ಳುವ ಮುನ್ನ ಮಾಲೀಕನೊಬ್ಬ ಏನೇನು ಲೆಕ್ಕ ಹಾಕುತ್ತಾನೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮಿಷಿಗನ್ನಿನ ನಿಮ್ಮ 13ನೇ ಕ್ಷೇತ್ರದಲ್ಲಿ ನಾನೂ ನನ್ನ ಪಾಲುದಾರರೂ ಸೇರಿ ಒಂದು ಸಣ್ಣ ಸ್ಟ್ಯಾಂಪಿಂಗ್ ಕಾರ್ಖಾನೆ ನಡೆಸುತ್ತೇವೆ. ಉಕ್ಕಿನ ಹಾಳೆಯನ್ನು ಪ್ರೆಸ್ಸಿಗೆ ಕೊಟ್ಟು ಕಾರಿನ ಸೀಟಿನ ಬ್ರಾಕೆಟ್‌ಗಳನ್ನು ಮಾಡಿಕೊಡುವ ಕೆಲಸ. ದೊಡ್ಡ ಕಂಪನಿಗಳ ಹೆಸರು ನಮ್ಮ ಬಿಲ್ಲುಗಳಲ್ಲಿ ಇರುವುದಿಲ್ಲ. ಅವರಿಗೆ ಮಾಲು ಕೊಡುವವರಿಗೆ ನಾವು ಮಾಲು ಕೊಡುತ್ತೇವೆ. ನಮ್ಮ ಪ್ರೆಸ್ಸುಗಳಲ್ಲಿ ಒಂದಕ್ಕೆ ವಯಸ್ಸಾಗಿದೆ, ಬದಲಿಸಲೇಬೇಕು. ವರ್ಷಾರಂಭದಲ್ಲಿ ಜರ್ಮನಿಯ ತಯಾರಕರೊಬ್ಬರಿಂದ ಕೊಟೇಷನ್ ತರಿಸಿದೆವು. ಆ ಕೊಟೇಷನ್ನಿನ ಕಥೆಯನ್ನು ಕೇಳಿ.

ಏಪ್ರಿಲ್ 2ರಂದು ಅಧ್ಯಕ್ಷ ಟ್ರಂಪ್ ಯುರೋಪಿನ ಸರಕಿಗೆ ಶೇ 20 ಸುಂಕ ಎಂದರು. ಒಂದು ವಾರ ಕಳೆಯುವುದರೊಳಗೆ ಅದನ್ನು 90 ದಿನ ತಡೆದು ಶೇ 10 ಮಾಡಿದರು. ಮೇ 23ರಂದು ಜೂನ್‌ನಿಂದ ಶೇ 50 ಎಂದರು. ಅದೇ ವಾರಾಂತ್ಯದಲ್ಲಿ ಜುಲೈಗೆ ಮುಂದೂಡಿದರು. ಜುಲೈ 12ರಂದು ಪ್ರಕಟಿಸಿದ ಪತ್ರದಲ್ಲಿ ಶೇ 30. ಜುಲೈ 27ರಂದು ಸ್ಕಾಟ್ಲೆಂಡಿನಲ್ಲಿ ಒಪ್ಪಂದವಾಗಿ ಶೇ 15. ಸದ್ಯ ನಿಂತಿತು ಎಂದು ಉಸಿರು ಬಿಟ್ಟೆವು. ಆಗಸ್ಟ್ 18ರಂದು ಉಕ್ಕು, ಅಲ್ಯೂಮಿನಿಯಂ ಒಳಗೊಂಡ ಇನ್ನೂ 407 ಬಗೆಯ ಸರಕುಗಳು ಶೇ 50ರ ಪಟ್ಟಿಗೆ ಸೇರಿದವು. ನಮ್ಮ ಕಸ್ಟಮ್ಸ್ ಬ್ರೋಕರ್ ದೂರವಾಣಿ ಮಾಡಿ, ಆ ಪ್ರೆಸ್ಸಿನ ಬೆಲೆಯಲ್ಲಿ ಉಕ್ಕಿನ ಪಾಲು ಎಷ್ಟು ಎಂದು ಕೇಳಿದರು. ಪ್ರೆಸ್ ಎಂದರೆ ಉಕ್ಕೇ ಅಲ್ಲವೇ ಸ್ವಾಮಿ? ಮೋಟಾರು, ತಂತಿ, ಕಂಪ್ಯೂಟರ್ ಬಿಟ್ಟರೆ ಉಳಿದದ್ದೆಲ್ಲ ಅದೇ.

ಈಗ ಬರುವ ಕೊಟೇಷನ್ನಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲುಗಳಿರುತ್ತವೆ. ಬೆಲೆ ಒಂದು ವಾರದ ಮಟ್ಟಿಗೆ ಮಾತ್ರ. ಸರಕು ಅಮೆರಿಕದ ಬಂದರಿಗೆ ಬಂದ ದಿನ ಯಾವ ಸುಂಕವಿದೆಯೋ ಅದು ಕೊಳ್ಳುವವರ ಹೊಣೆ. ಇಂಥ ಯಂತ್ರ ಕೈಗೆ ಬರಲು ವರ್ಷಕ್ಕೂ ಹೆಚ್ಚು ಕಾಲ ಬೇಕು. ಬಂದ ಮೇಲೆ ಇಪ್ಪತ್ತು ವರ್ಷ ದುಡಿಯುತ್ತದೆ. ಅಂದರೆ, ಮುಂದಿನ ವರ್ಷದ ಕೊನೆಗೆ ಎಷ್ಟು ಸುಂಕ ಇರುತ್ತದೆ ಎಂಬುದನ್ನು ಈ ವಾರವೇ ಊಹಿಸಿ ಸಹಿ ಹಾಕಬೇಕು. ಬ್ಯಾಂಕಿನವರೂ ಅದನ್ನೇ ಕೇಳಿದರು. ಬ್ಯಾಂಕುಗಳು ಉತ್ತಮ ಗ್ರಾಹಕರಿಗೆ ಹಾಕುವ ಪ್ರೈಮ್ ಬಡ್ಡಿ ದರವೇ ಶೇ 7 ಇರುವಾಗ, ಯಂತ್ರದ ಕೊನೆಯ ಬೆಲೆ ಹೇಳಲಾಗದವನಿಗೆ ಸಾಲ ಕೊಡಲು ಅವರು ಹಿಂದೆಮುಂದೆ ನೋಡುವುದರಲ್ಲಿ ತಪ್ಪೇನಿದೆ?

ನಾನು ಸುಂಕದ ಕಡು ವಿರೋಧಿಯಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಶಾಪ್ ಫ್ಲೋರಿನ ಹಲವರು ಸುಂಕ ಬೇಕೆಂದೇ ಮತ ಹಾಕಿದವರು. ಕಾರುಗಳ ಮೇಲಿನ ಸುಂಕವನ್ನು ಕಾರು ಕಾರ್ಮಿಕರ ಸಂಘವೇ ಬೆಂಬಲಿಸಿತು. ಈ ಊರಿನ ಖಾಲಿ ಕಾರ್ಖಾನೆಗಳ ಪಕ್ಕದಲ್ಲೇ ದಿನವೂ ಓಡಾಡುವವರ ಬಾಯಲ್ಲಿ ಆ ಮಾತು ಬಂದರೆ ನಾನು ನಗುವುದಿಲ್ಲ. ಶೇ 25 ಎಂದು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕಾನೂನು ಮಾಡಿ, ಹತ್ತು ವರ್ಷ ಮುಟ್ಟುವುದಿಲ್ಲ ಎಂದಿದ್ದರೆ, ನಾವು ಒಂದು ಸಂಜೆ ಕುಳಿತು ಲೆಕ್ಕ ಹಾಕಿ, ಬಹುಶಃ ಇಲ್ಲೇ ತಯಾರಾದ ಪ್ರೆಸ್ಸನ್ನೇ ಹುಡುಕಿಕೊಂಡು ಹೋಗುತ್ತಿದ್ದೆವು. ಭಾರವಾದ ತೆರಿಗೆಗೂ ಲೆಕ್ಕವಿದೆ. ದಿನಕ್ಕೊಂದು ಬಣ್ಣ ಬದಲಿಸುವ ತೆರಿಗೆಗೆ ಲೆಕ್ಕವಿಲ್ಲ. ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ಹೊಸ ಯಂತ್ರದ ಪೂರ್ತಿ ಸವಕಳಿಯನ್ನು ಮೊದಲ ವರ್ಷವೇ ತೋರಿಸಲು ಶಾಶ್ವತ ಅವಕಾಶ ಕೊಟ್ಟರು. ನಿಮ್ಮ ಡೆಮಾಕ್ರಾಟಿಕ್ ಪಕ್ಷ ಆ ಕಾನೂನನ್ನು ವಿರೋಧಿಸಿದ್ದು ಗೊತ್ತು; ಆದರೂ ನಮ್ಮಂಥವರಿಗೆ ಆ ಅಂಶ ನಿಜಕ್ಕೂ ಉಪಕಾರವೇ. ಒಂದು ಕೈಯಲ್ಲಿ ಯಂತ್ರ ಕೊಳ್ಳು ಎನ್ನುತ್ತಾರೆ, ಇನ್ನೊಂದು ಕೈಯಲ್ಲಿ ಅದರ ಬೆಲೆ ಮುಚ್ಚಿಡುತ್ತಾರೆ.

ತಪ್ಪು ಒಂದೇ ಪಕ್ಷದ್ದಲ್ಲ. 2022ರ ಕಾನೂನು ವಿದ್ಯುತ್ ಕಾರು ಕೊಂಡವರಿಗೆ 7,500 ಡಾಲರ್ ವರೆಗೆ ತೆರಿಗೆ ವಿನಾಯಿತಿ ಕೊಟ್ಟಿತು. ಒಂದೇ ಒಂದು ರಿಪಬ್ಲಿಕನ್ ಮತವಿಲ್ಲದೆ ಅಂಗೀಕಾರವಾದ ಕಾನೂನು ಅದು. ಆ ಭರವಸೆಯ ಮೇಲೆ ನಮಗೂ ಆರ್ಡರ್ ಬಂತು, ಹಾಳೆಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ, ಮಾಡಿಸಿದೆವು. ಈ ವರ್ಷದ ಸೆಪ್ಟೆಂಬರ್ 30ಕ್ಕೆ ವಿನಾಯಿತಿ ಮುಗಿಯಿತು. ಅಕ್ಟೋಬರ್‌ನಲ್ಲಿ ಜನರಲ್ ಮೋಟರ್ಸ್ ವಿದ್ಯುತ್ ಕಾರಿನ ಯೋಜನೆಗಳಿಗಾಗಿ 1.6 ಬಿಲಿಯನ್ ಡಾಲರ್ ನಷ್ಟ ಬರೆದುಕೊಂಡಿತು. ಅವರಿಗೆ ಅಷ್ಟು ಬರೆದುಕೊಳ್ಳುವ ಶಕ್ತಿಯಿದೆ. ನಮ್ಮ ಡೈಗಳು ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಬಳಿಸಿಕೊಂಡು ರ‍್ಯಾಕಿನ ಮೇಲೆ ಕುಳಿತಿವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿದೆ ನಮ್ಮ ಪಾಡು.

ಷೇರುಪೇಟೆ ಏರುತ್ತಲೇ ಇದೆಯಲ್ಲ ಎಂದು ನಿಮ್ಮ ಸಹೋದ್ಯೋಗಿಗಳು ಕೇಳುತ್ತಾರೆ. ಏರಿದೆ, ನಿಜ. ನಮ್ಮ ನಿವೃತ್ತಿ ಖಾತೆಗಳೂ ಉಬ್ಬಿವೆ. ಏಪ್ರಿಲ್ 3 ಮತ್ತು 4ರಂದು ಎಸ್ ಅಂಡ್ ಪಿ 500 ಸೂಚ್ಯಂಕ ಎರಡೇ ದಿನದಲ್ಲಿ ಶೇ 10ಕ್ಕೂ ಹೆಚ್ಚು ಬಿದ್ದು, 9ರಂದು ಒಂದೇ ದಿನ ಶೇ 9.5 ಎದ್ದಾಗ ನಮ್ಮ ಫೋರ್‌ಮನ್ ಮೊಬೈಲ್ ಹಿಡಿದುಕೊಂಡೇ ಊಟ ಮಾಡುತ್ತಿದ್ದರು. ಆದರೆ ಈ ಏರಿಕೆ ಯಾರದ್ದು? ಕೃತಕ ಬುದ್ಧಿಮತ್ತೆಯ ಬೆನ್ನು ಹತ್ತಿದ ಕೆಲವೇ ಕಂಪನಿಗಳದ್ದು. ಚಿಪ್ ತಯಾರಿಸುವ ಎನ್‌ವಿಡಿಯಾ ಒಂದರ ಮೌಲ್ಯವೇ ಕಳೆದ ತಿಂಗಳು 5 ಟ್ರಿಲಿಯನ್ ಡಾಲರ್ ಮುಟ್ಟಿತು. ದೇಶದ ಹೂಡಿಕೆಯ ಅಂಕಿಗಳನ್ನು ಡೇಟಾ ಸೆಂಟರ್‌ಗಳು ಎತ್ತಿ ಹಿಡಿದಿವೆ. ಆ ಸರಾಸರಿಯ ನೆರಳಿನಲ್ಲಿ ನಮ್ಮಂಥ ಕಾರ್ಖಾನೆಗಳ ರದ್ದಾದ ಆರ್ಡರ್‌ಗಳು ಕಾಣಿಸುವುದಿಲ್ಲ. ಆನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ನಡೆಸುವ ಗ್ರಾಹಕರ ಸಮೀಕ್ಷೆಯನ್ನೂ ನೋಡಿ. ಈ ತಿಂಗಳ ಆರಂಭಿಕ ಸೂಚ್ಯಂಕ 50.3. ಹಣದುಬ್ಬರ ನೆತ್ತಿಗೇರಿದ್ದ 2022ರ ಜೂನ್‌ನಲ್ಲಿ ಅದು 50ಕ್ಕೆ ಇಳಿದು ದಾಖಲೆ ಮಾಡಿತ್ತು. ಷೇರುಪೇಟೆ ಮುಗಿಲಿನಲ್ಲಿ, ಜನರ ಮನಸ್ಸು ಪಾತಾಳದಲ್ಲಿ.

ಇನ್ನು ಅಂಕಿಅಂಶಗಳೇ ಇಲ್ಲದ ಕಾಲವೂ ಬಂತು. ಖರ್ಚಿನ ಹಣಕ್ಕೆ ಕಾಂಗ್ರೆಸ್ಸಿನ ಒಪ್ಪಿಗೆ ಸಿಗದೆ ಅಕ್ಟೋಬರ್ 1ರಿಂದ 43 ದಿನ ಸರ್ಕಾರಕ್ಕೆ ಬೀಗ. ದೇಶದ ಉದ್ಯೋಗ ವರದಿ ಆಗಸ್ಟ್ ತಿಂಗಳಿಗೇ ನಿಂತಿದೆ. ಅಂಕಿ ಹಿಡಿಸಲಿಲ್ಲವೆಂದು ಕಾರ್ಮಿಕ ಅಂಕಿಅಂಶ ಇಲಾಖೆಯ ಮುಖ್ಯಸ್ಥೆಯನ್ನು ಅಧ್ಯಕ್ಷರು ಆಗಸ್ಟ್ 1ರಂದೇ ತೆಗೆದುಹಾಕಿದ್ದರು. ಬಡ್ಡಿ ದರ ನಿರ್ಧರಿಸುವ ಫೆಡರಲ್ ರಿಸರ್ವ್ ಅಧ್ಯಕ್ಷ ಪೊವೆಲ್ ಅವರೇ, ಮಂಜಿನಲ್ಲಿ ಗಾಡಿ ಓಡಿಸುವವರು ವೇಗ ತಗ್ಗಿಸುತ್ತಾರೆ ಎಂದರು. ನಾವೂ ಅದನ್ನೇ ಮಾಡುತ್ತಿದ್ದೇವೆ.

ನಿಮ್ಮ ತವರಿನ ಕಡೆಗೂ ಇದರ ಬಿಸಿ ತಟ್ಟಿದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳನ್ನು ನೀವು ಬಲ್ಲಿರಿ. ಭಾರತದಿಂದ ಬರುವ ಕಾರಿನ ಬಿಡಿಭಾಗಕ್ಕೆ ಒಂದು ದರ, ಆಗಸ್ಟ್ 27ರಿಂದ ಉಳಿದ ಬಹುಪಾಲು ಸರಕಿಗೆ ಶೇ 50. ಸೆಪ್ಟೆಂಬರ್ 19ರ ಶುಕ್ರವಾರ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಬಂದಾಗ ಇಲ್ಲಿನ ಕನ್ನಡ ಕುಟುಂಬಗಳು ಬೆಂಗಳೂರಿನ ಟಿಕೆಟ್ ರದ್ದು ಮಾಡಲು ಓಡಿದವು. ಮರುದಿನ, ಅದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬಂತು. ಮೊನ್ನೆ ಶುಕ್ರವಾರ ಕಾಫಿ, ಬಾಳೆಹಣ್ಣು, ದನದ ಮಾಂಸದ ಮೇಲೆ ಅಧ್ಯಕ್ಷರು ತಾವೇ ಹೇರಿದ್ದ ಸುಂಕವನ್ನು ತಾವೇ ತೆಗೆದರು. ದಿನಸಿ ಬೆಲೆಯ ಕೂಗು ಕೇಳಿಸಿತು. ಬ್ರಾಕೆಟ್ಟಿನ ಬೆಲೆಗೆ ಕೂಗುವವರು ಯಾರು?

ಈಗ ನಿಮ್ಮ ಕೆಲಸದ ಮಾತಿಗೆ ಬರುತ್ತೇನೆ. ಸುಂಕ ಹಾಕುವ ಅಧಿಕಾರವನ್ನು ಸಂವಿಧಾನದ ಮೊದಲ ವಿಧಿಯ ಎಂಟನೇ ಸೆಕ್ಷನ್ ಕೊಟ್ಟಿರುವುದು ಕಾಂಗ್ರೆಸ್‌ಗೆ. 1962ರಲ್ಲಿ ದೇಶದ ಭದ್ರತೆಯ ಹೆಸರಿನಲ್ಲಿ ಅದರ ಒಂದು ತುಂಡನ್ನು ಅಧ್ಯಕ್ಷರ ಕೈಗಿತ್ತದ್ದು ಕಾಂಗ್ರೆಸ್ಸೇ. 1977ರ ತುರ್ತು ಅಧಿಕಾರದ ಕಾಯ್ದೆಯಲ್ಲಿ ಸುಂಕವೂ ಅಡಗಿದೆಯೇ ಎಂಬ ಪ್ರಶ್ನೆಯ ವಾದ ಈ ತಿಂಗಳ 5ರಂದು ಸುಪ್ರೀಂ ಕೋರ್ಟಿನಲ್ಲಿ ನಡೆಯಿತು. ತೀರ್ಪು ಹೇಗೇ ಬರಲಿ, ಉಕ್ಕು ಮತ್ತು ಕಾರುಗಳ ಸುಂಕ 1962ರ ಕಾನೂನಿನದ್ದು; ಅದು ಅಲುಗುವುದಿಲ್ಲ. ನ್ಯಾಯಾಲಯದತ್ತ ಕೈ ತೋರಿಸಿ ಕುಳಿತುಕೊಳ್ಳುವ ಅನುಕೂಲ ನಿಮಗಿಲ್ಲ.

ನಿಮ್ಮ ಪ್ರತಿನಿಧಿ ಸಭೆ ಮಾರ್ಚ್ 11ರಂದು ಮಾಡಿದ್ದನ್ನು ನಮ್ಮ ಕಾರ್ಖಾನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕೆನಡಾ, ಮೆಕ್ಸಿಕೊ ಸುಂಕಗಳಿಗೆ ಅಧ್ಯಕ್ಷರು ಆಧಾರ ಮಾಡಿಕೊಂಡ ತುರ್ತುಸ್ಥಿತಿಯ ಮೇಲೆ ನಿಗದಿತ ದಿನಗಳೊಳಗೆ ಮತ ನಡೆಯಬೇಕಿತ್ತು. ಅದನ್ನು ತಪ್ಪಿಸಲು, ಈ ಅಧಿವೇಶನದ ಉಳಿದ ದಿನಗಳನ್ನು ಆ ಉದ್ದೇಶಕ್ಕೆ ದಿನಗಳೆಂದೇ ಎಣಿಸಬಾರದು ಎಂದು ನಿಯಮ ಮಾಡಿಕೊಂಡರು. ಬಹುಮತದಲ್ಲಿರುವ ರಿಪಬ್ಲಿಕನ್ನರ ಚಾತುರ್ಯ ಅದು, ನಿಮ್ಮನ್ನು ದೂರುತ್ತಿಲ್ಲ. ಆದರೆ ಸೆನೆಟ್ ಕಳೆದ ತಿಂಗಳ ಕೊನೆಯ ವಾರದಲ್ಲಿ ಬ್ರೆಜಿಲ್, ಕೆನಡಾ ಮತ್ತು ಜಾಗತಿಕ ಸುಂಕಗಳ ವಿರುದ್ಧ ಮೂರು ನಿರ್ಣಯಗಳನ್ನು ಅಂಗೀಕರಿಸಿತು. ಪ್ರತಿನಿಧಿ ಸಭೆ ಇನ್ನೂ ಮುಟ್ಟಿಲ್ಲ.

ನಿಮ್ಮನ್ನು ದೂರುವುದು ಬೇರೊಂದಕ್ಕೆ. ಏಪ್ರಿಲ್‌ನಲ್ಲಿ ಅಧ್ಯಕ್ಷರ ಮೇಲೆ ದೋಷಾರೋಪಣೆಯ ವಿಧಿಗಳನ್ನು ಮಂಡಿಸಿದಿರಿ. ಮೇ ತಿಂಗಳಲ್ಲಿ ಮತಕ್ಕೆ ಒತ್ತಾಯಿಸಿ, ನಿಮ್ಮ ಪಕ್ಷದವರೇ ಮುಖ ತಿರುಗಿಸಿದಾಗ ಹಿಂದೆ ಸರಿದಿರಿ. ಟಿವಿಗೆ ಅದು ಹಬ್ಬವಾಯಿತು, ನಮ್ಮ ಕೊಟೇಷನ್ನಿನ ಸಣ್ಣಕ್ಷರ ಹಾಗೆಯೇ ಉಳಿಯಿತು. ಅದೇ ಏಪ್ರಿಲ್‌ನಲ್ಲಿ ಸೆನೆಟ್‌ನಲ್ಲಿ ಡೆಮಾಕ್ರಾಟ್ ಮರಿಯಾ ಕ್ಯಾಂಟ್‌ವೆಲ್ ಮತ್ತು ರಿಪಬ್ಲಿಕನ್ ಚಕ್ ಗ್ರಾಸ್ಲಿ ಸೇರಿ ವ್ಯಾಪಾರ ಪರಿಶೀಲನಾ ಮಸೂದೆಯನ್ನು ತಂದರು. ಹೊಸ ಸುಂಕ ಹಾಕಿದರೆ 48 ಗಂಟೆಯೊಳಗೆ ಕಾಂಗ್ರೆಸ್‌ಗೆ ಕಾರಣ ತಿಳಿಸಬೇಕು. 60 ದಿನದೊಳಗೆ ಕಾಂಗ್ರೆಸ್ ಒಪ್ಪದಿದ್ದರೆ ಸುಂಕ ತಾನಾಗಿ ಬೀಳುತ್ತದೆ. ನಿಮ್ಮ ಸಭೆಯಲ್ಲಿ ಅದನ್ನು ತಂದವರು ನೆಬ್ರಾಸ್ಕಾದ ರಿಪಬ್ಲಿಕನ್ ಡಾನ್ ಬೇಕನ್. ಅವರು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದಿದ್ದಾರೆ, ಹಾಗಾಗಿ ಅವರಿಗೆ ಯಾರ ಅಂಜಿಕೆಯೂ ಇಲ್ಲ.

ಮಸೂದೆಗೆ ಹೆಸರು ಸೇರಿಸುವುದಷ್ಟೇ ಸಾಲದು. ಸ್ಪೀಕರ್ ಮತಕ್ಕೆ ತಾರದಿದ್ದರೆ, 218 ಸದಸ್ಯರ ಸಹಿ ಹಾಕಿಸಿ ಮಸೂದೆಯನ್ನು ಮತಕ್ಕೆ ಎಳೆದು ತರುವ ಅರ್ಜಿಯ ದಾರಿಯಿದೆ. ಕಳೆದ ಬುಧವಾರವಷ್ಟೇ ಲೈಂಗಿಕ ಅಪರಾಧಿ ಎಪ್‌ಸ್ಟೀನ್‌ನ ಕಡತಗಳನ್ನು ಬಹಿರಂಗಪಡಿಸುವ ವಿಷಯದಲ್ಲಿ ನಾಲ್ವರು ರಿಪಬ್ಲಿಕನ್ನರು ಸೇರಿ ಆ ಸಂಖ್ಯೆ ತುಂಬಿತು. ದಾರಿ ನಡೆಯುತ್ತದೆ ಎಂಬುದನ್ನು ನೀವೇ ಕಂಡಿರಿ. ಬೇಕನ್ ಅವರೊಡನೆ ಕುಳಿತು ಸುಂಕದ ಮಸೂದೆಗೂ ಅಂಥ ಅರ್ಜಿ ಹೊರಡಿಸಿ. ಉಕ್ಕು, ಯಂತ್ರಗಳನ್ನು ಬಳಸುವ ಕ್ಷೇತ್ರಗಳ ರಿಪಬ್ಲಿಕನ್ ಸಂಸದರ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಮಾತನಾಡಿಸಿ. ಅವರ ಕ್ಷೇತ್ರದ ಕಾರ್ಖಾನೆಗಳಿಗೂ ಇಂಥದ್ದೇ ಕೊಟೇಷನ್ ಬರುತ್ತಿರುತ್ತದೆ. ಬೇಕಿದ್ದರೆ ನಮ್ಮದರ ಪ್ರತಿಯನ್ನು, ತಯಾರಕರ ಹೆಸರು ಅಳಿಸಿ, ನಿಮ್ಮ ಡೆಟ್ರಾಯಿಟ್ ಕಚೇರಿಗೆ ಕಳುಹಿಸಿಕೊಡುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ