ನಾಯಿ ಹಠಮಾರಿಯಲ್ಲ, ಮನೆಯವರ ಮಾತು ಒಂದಾಗಿಲ್ಲ

ಮಾನ್ಯ ಸಂಪಾದಕರೇ,

ನಾಯಿ ಸಾಕುವವರು ಈಗ ಜಾಸ್ತಿ ಆಗಿದ್ದಾರೆ, ಅದರ ಜೊತೆಗೇ ‘ನಮ್ಮ ನಾಯಿ ಹೇಳಿದ ಮಾತು ಕೇಳಲ್ಲ’ ಅನ್ನುವ ದೂರೂ ಜಾಸ್ತಿ ಆಗಿದೆ. ಮರಿಯಾಗಿದ್ದಾಗ ಮುದ್ದು ಮಾಡಿ, ದೊಡ್ಡದಾದ ಮೇಲೆ ‘ಇದು ಹಠಮಾರಿ, ನಮ್ಮ ಕೈಲಾಗಲ್ಲ’ ಅಂತ ಯಾರಿಗೋ ಕೊಟ್ಟುಬಿಡುತ್ತಾರೆ. ಬೀದಿಗೆ ಬಿಟ್ಟು ಬರುವವರೂ ಇದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನಾನು ಕಂಡ ಹೆಚ್ಚಿನ ಮನೆಗಳಲ್ಲಿ ನಾಯಿ ಸರಿಯಾಗಿಯೇ ಇತ್ತು, ಮನೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಊಟದ ಹೊತ್ತನ್ನೇ ತೆಗೆದುಕೊಳ್ಳಿ. ಯಾರೂ ಏನೂ ಹಾಕಬೇಡಿ ಅಂತ ಅಮ್ಮ ಹೇಳಿರುತ್ತಾರೆ. ನಾಯಿ ಸೀದಾ ಹೋಗಿ ಅಜ್ಜನ ಮೊಣಕಾಲ ಮೇಲೆ ಗದ್ದ ಇಡುತ್ತದೆ. ಅಜ್ಜ ಒಂದೆರಡು ಸಲ ತಳ್ಳುತ್ತಾರೆ, ಆಮೇಲೆ ಮನಸ್ಸು ತಡೆಯದೆ ಚಪಾತಿಯ ಒಂದು ಚೂರು ಮೆಲ್ಲಗೆ ಕೆಳಗೆ ಬಿಡುತ್ತಾರೆ. ಯಾವಾಗಲೋ ಒಂದು ಸಲ ತಾನೇ ಅನ್ನಿಸುತ್ತದೆ, ಅಲ್ವಾ? ಆದರೆ ಆ ‘ಯಾವಾಗಲೋ ಒಂದು ಸಲ’ವೇ ದಿನಾ ಕೊಡುವುದಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಪ್ರತಿ ಸಲ ಸಿಗುತ್ತಿದ್ದ ತಿಂಡಿ ನಿಂತರೆ ಪ್ರಾಣಿ ಬೇಗ ಕೈಬಿಡುತ್ತದೆ, ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದರೆ ಮಾತ್ರ ತುಂಬ ದಿನ ಪ್ರಯತ್ನ ಮಾಡುತ್ತಲೇ ಇರುತ್ತದೆ. ಇನ್ನೊಂದು ವಿಷಯ. ಕೊಡುವುದನ್ನು ಪೂರ್ತಿ ನಿಲ್ಲಿಸಿದ ಮೊದಲ ಕೆಲವು ದಿನ ಬೊಗಳುವುದು, ಕಾಲು ಕೆರೆಯುವುದು ಏರುತ್ತದೆ, ಇಳಿಯಲ್ಲ. ಎಷ್ಟೋ ಜನ ಸೋತು ತಿನ್ನಿಸುವುದು ಆಗಲೇ. ಇನ್ನೂ ಜೋರಾಗಿ ಬೊಗಳಿದರೆ ಸಿಗುತ್ತದೆ ಅಂತ ನಾಯಿ ಕಲಿಯುತ್ತದೆ, ನಾವು ಅದನ್ನು ಹಠ ಅನ್ನುತ್ತೇವೆ. ಅಜ್ಜನಿಗೆ ಕೊಡಲೇಬೇಕು ಅನ್ನಿಸಿದರೆ ಎಲ್ಲರ ಊಟ ಮುಗಿದ ಮೇಲೆ ಅದರ ಬಟ್ಟಲಿಗೇ ಹಾಕಲಿ, ಅದಕ್ಕೆ ಯಾರ ಅಡ್ಡಿಯೂ ಬೇಡ.

ಮೈಮೇಲೆ ಹಾರುವುದೂ ಹಾಗೆಯೇ. ಮನೆಯಲ್ಲಿ ನೈಟಿಯಲ್ಲಿದ್ದಾಗ ಹಾರಿದರೆ ತಬ್ಬಿಕೊಳ್ಳುತ್ತೇವೆ, ಮದುವೆಗೆ ಹೊರಟಾಗ ಹಾರಿದರೆ ಏಟು. ರೇಷ್ಮೆ ಸೀರೆ ಯಾವುದು, ನೈಟಿ ಯಾವುದು ಅಂತ ಅದಕ್ಕೇನು ಗೊತ್ತು? ಇನ್ನು ‘ಡೌನ್’ ಅನ್ನುವ ಒಂದೇ ಮಾತನ್ನು ಮಗ ಮಲಗು ಅನ್ನುವುದಕ್ಕೆ, ಅಪ್ಪ ಸೋಫಾದಿಂದ ಇಳಿ ಅನ್ನುವುದಕ್ಕೆ, ಅಮ್ಮ ಹಾರಬೇಡ ಅನ್ನುವುದಕ್ಕೆ ಬಳಸುತ್ತಾರೆ. ನಾಯಿ ಮೂರು ಜನರ ಮುಖ ನೋಡಿ ನಿಂತಲ್ಲೇ ನಿಲ್ಲುತ್ತದೆ.

ಆಫೀಸಿನಿಂದ ಬಂದು ಮ್ಯಾಟ್ ಒದ್ದೆಯಾಗಿರುವುದು ಕಂಡ ಕೂಡಲೇ ಬೈಯುವವರಿಗೂ ಒಂದು ಮಾತು. ‘ಅದಕ್ಕೆ ತಪ್ಪು ಗೊತ್ತು, ಮುಖ ನೋಡಿ’ ಅನ್ನುತ್ತಾರೆ. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಪ್ಪೇ ಮಾಡದ ನಾಯಿಯೂ ಬೈದಾಗ ಆ ಮುಖ ಮಾಡಿತ್ತು. ಅದು ನಮ್ಮ ಸಿಟ್ಟಿಗೆ ಹೆದರಿದ ಮುಖ. ಹೊಗಳಿಕೆಯಾಗಲಿ, ತಿಂಡಿಯಾಗಲಿ ಕೆಲಸ ಮಾಡಿದ ಆ ಕ್ಷಣದಲ್ಲೇ ಸಿಗಬೇಕು, ಒಂದು ಗಂಟೆ ಬಿಟ್ಟು ಬೈದರೆ ಯಾತಕ್ಕೆ ಬೈಯುತ್ತಿದ್ದಾರೆ ಅಂತಲೂ ಅದಕ್ಕೆ ತಿಳಿಯಲ್ಲ.

ನಮ್ಮ ಮುಧೋಳ ನಾಯಿ ತಾನು ಹೇಳಿದ್ದೇ ಸರಿ ಅನ್ನುವ ಜಾತಿ ಅಂತ ಕೆಲವರು ಹೇಳುತ್ತಾರೆ. 2016ರಲ್ಲಿ ಸೇನೆ ಮುಧೋಳದ ಮರಿಗಳನ್ನು ಮೀರತ್‌ಗೆ ತರಬೇತಿಗೆ ಕರೆದುಕೊಂಡು ಹೋಯಿತು. ಅಲ್ಲಿ ದಿನಾ ಅದೇ ಮಾತು, ಅದೇ ಕಟ್ಟುನಿಟ್ಟು. ನಮ್ಮ ಮನೆಗಳಲ್ಲಿ ಅಷ್ಟು ಶಿಸ್ತು ಬೇಡ, ಒಂದೇ ಮಾತಿಗೆ ಒಂದೇ ಅರ್ಥ ಇದ್ದರೆ ಸಾಕು.

ಮನೆಗೆ ಬಂದು ಕಲಿಸುವ ಟ್ರೇನರ್‌ಗಳಲ್ಲಿ ನನ್ನ ವಿನಂತಿ ಇಷ್ಟೇ. ನಾಯಿಯನ್ನೂ ಒಬ್ಬ ಹುಡುಗನನ್ನೂ ಪಾರ್ಕಿಗೆ ಕರೆದುಕೊಂಡು ಹೋಗಿ ಪಾಠ ಮುಗಿಸಬೇಡಿ. ಮನೆಯ ಎಲ್ಲರನ್ನೂ, ಕೆಲಸಕ್ಕೆ ಬರುವ ಅಕ್ಕನನ್ನೂ, ನಾಯಿ ವಾಕಿಂಗ್ ಮಾಡಿಸುವ ಹುಡುಗನನ್ನೂ ಸೇರಿಸಿ ನಿಲ್ಲಿಸಿ, ಯಾವ ಮಾತಿಗೆ ಏನು ಅಂತ ಅವರ ಬಾಯಲ್ಲೇ ಹೇಳಿಸಿ. ಮರಿ ದತ್ತು ಕೊಡುವವರೂ ಮರಿಯನ್ನು ಕೈಗೆ ಕೊಡುವ ಮೊದಲು ಇದನ್ನು ಕೇಳಿದರೆ ಒಳ್ಳೆಯದು.

— ನಿಮ್ಮ ಓದುಗರು, ಮೈಸೂರು