ಪರಿಸರಕ್ಕೆ ಬರುವ ಹಣದ ಕರಾರಿನಲ್ಲಿ ಅಘನಾಶಿನಿಯ ಹೆಸರಿರಲಿ

ಸಂಪಾದಕರಿಗೆ,

ಮಾನ್ಯರೇ,

ಕರಾವಳಿಯ ಮೂರು ಜಿಲ್ಲೆಗಳಿಗೆ ವಿಶ್ವಬ್ಯಾಂಕ್ ನೆರವಿನ, ಸುಮಾರು 840 ಕೋಟಿ ರೂಪಾಯಿ ಅಂದಾಜಿನ, ಕರಾವಳಿಯ ಪರಿಸರ ಮತ್ತು ಆರ್ಥಿಕತೆಯನ್ನು ಬಲಪಡಿಸುವ ಕೆ-ಶೋರ್ ಯೋಜನೆ ರೂಪುಗೊಂಡಿದೆ. ಹೊರಗಿನಿಂದ ಬರುವ ಹಣ ಪರಿಸರವನ್ನು ಯಾವಾಗ ಉಳಿಸುತ್ತದೆ, ಯಾವಾಗ ವರದಿ, ತರಬೇತಿ, ಕಾರ್ಯಾಗಾರಗಳಲ್ಲೇ ಮುಗಿದುಹೋಗುತ್ತದೆ ಎಂಬುದನ್ನು ಉತ್ತರ ಕನ್ನಡದವರಾದ ನಾವು ಈಗಲೇ ಯೋಚಿಸುವುದು ಒಳ್ಳೆಯದು. ಈ ವಿಚಾರದಲ್ಲಿ ಐರೋಪ್ಯ ಒಕ್ಕೂಟವನ್ನು ಸೇರಲು ಕಾದು ನಿಂತಿರುವ ಮಾಂಟೆನೆಗ್ರೊ ದೇಶದಿಂದ ನಾವು ಕಲಿಯಬೇಕಾದದ್ದಿದೆ. ಅಲ್ಲಿ ವರ್ಷಗಳ ಕಾಲ ವಿವಾದಕ್ಕೆ ಸಿಕ್ಕಿದ್ದು ನಮ್ಮ ಸಾಣಿಕಟ್ಟಾದಂಥದೇ ಒಂದು ಉಪ್ಪಿನ ಆಗರ.

ಮಾಂಟೆನೆಗ್ರೊ ದೊಡ್ಡ ದೇಶವೇನಲ್ಲ. ಅದರ ವಿಸ್ತೀರ್ಣ ಸುಮಾರು 13,800 ಚದರ ಕಿಲೋಮೀಟರ್, ಜನಸಂಖ್ಯೆ ಆರು ಲಕ್ಷದ ಆಸುಪಾಸು. ನಮ್ಮ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯ ಪ್ರಕಾರ 14 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. 1991ರಲ್ಲಿಯೇ ತಾನು ಪರಿಸರ ರಾಜ್ಯವೆಂದು ಘೋಷಿಸಿಕೊಂಡ ಆ ನಾಡು ಆ ಮಾತನ್ನು 2007ರ ತನ್ನ ಸಂವಿಧಾನದಲ್ಲೂ ಬರೆದುಕೊಂಡಿತು. 2008ರಲ್ಲಿ ಒಕ್ಕೂಟದ ಸದಸ್ಯತ್ವಕ್ಕೆ ಅರ್ಜಿ ಹಾಕಿತು, 2012ರಲ್ಲಿ ಮಾತುಕತೆ ಶುರುವಾಯಿತು. ಸದಸ್ಯತ್ವ ಬೇಕೆನ್ನುವ ದೇಶ ಒಕ್ಕೂಟದ ಕಾನೂನುಗಳನ್ನು ಅಧ್ಯಾಯವಾರು ತನ್ನದಾಗಿಸಿಕೊಳ್ಳಬೇಕು; ಅವುಗಳಲ್ಲಿ 27ನೆಯದು ಪರಿಸರ ಮತ್ತು ಹವಾಮಾನ ಬದಲಾವಣೆಗೆ ಸಂಬಂಧಿಸಿದ್ದು. ಈ ತಯಾರಿಗೆಂದೇ ಒಕ್ಕೂಟ ಹಣ ಕೊಡುತ್ತದೆ. 2021ರಿಂದ 2027ರವರೆಗಿನ ಅವಧಿಗೆ ಮಾಂಟೆನೆಗ್ರೊ ಸೇರಿದಂತೆ ಬಾಲ್ಕನ್ ದೇಶಗಳು ಮತ್ತು ಟರ್ಕಿಗೆ ಒಟ್ಟಾಗಿ 1,400 ಕೋಟಿ ಯೂರೊಗೂ ಹೆಚ್ಚು ಮೊತ್ತವನ್ನು ಅದು ತೆಗೆದಿರಿಸಿದೆ.

ಆದರೂ ಉಲ್ಸಿನ್ ಊರಿನ ಪಕ್ಕದ ಉಪ್ಪಿನ ಆಗರ ಹಾಳಾಗುವುದು ತಪ್ಪಲಿಲ್ಲ. ಸುಮಾರು 1,500 ಹೆಕ್ಟೇರ್ ಹರಡಿಕೊಂಡಿರುವ ಈ ಆಗರದಲ್ಲಿ 250ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಲಾಗಿದೆ. ಏಡ್ರಿಯಾಟಿಕ್ ಸಮುದ್ರದ ಅಂಚಿನಲ್ಲಿ ವಲಸೆ ಹೋಗುವ ಹಕ್ಕಿಗಳಿಗೆ ಇದು ತಂಗುದಾಣ, ರಾಜಹಂಸಗಳಿಗೂ ನೆಲೆ. ನಮ್ಮ ಸಾಣಿಕಟ್ಟಾಕ್ಕೆ ಅಘನಾಶಿನಿಯ ಉಬ್ಬರವೇ ಉಪ್ಪುನೀರು ತಂದುಕೊಡುತ್ತದೆ. ಉಲ್ಸಿನ್‌ನಲ್ಲಿ ಉಬ್ಬರ ಇಳಿತಗಳ ಅಂತರ ತೀರ ಕಡಿಮೆಯಾದ್ದರಿಂದ ಸಮುದ್ರದ ನೀರನ್ನು ಪಂಪಿನಿಂದ ಎತ್ತಿ ಮಡಿಗಳಿಗೆ ಹಾಯಿಸಬೇಕು. ಖಾಸಗೀಕರಣಗೊಂಡ ಕಂಪನಿ ದಿವಾಳಿಯೆದ್ದು 2013ರಲ್ಲಿ ಉಪ್ಪು ತೆಗೆಯುವುದು ನಿಂತಾಗ ಪಂಪುಗಳನ್ನು ನೋಡಿಕೊಳ್ಳುವವರಿಲ್ಲವಾದರು. ಮಳೆನೀರು ತುಂಬಿ ಮಡಿಗಳ ಉಪ್ಪಿನಂಶ ಇಳಿಯಿತು, ಜೊಂಡು ಬೆಳೆಯಿತು, ದಂಡೆಗಳು ಕುಸಿಯತೊಡಗಿದವು. ಉಪ್ಪುನೀರಿನಲ್ಲೇ ಬದುಕುವ ಸಣ್ಣ ಜೀವಿಗಳು ಕಡಿಮೆಯಾದರೆ ಅವನ್ನೇ ನಂಬಿದ ಹಕ್ಕಿಗಳಿಗೆ ಆಹಾರವಿಲ್ಲ. ಆ ಜಾಗ ಸರ್ಕಾರದ್ದೋ ಕಂಪನಿಯದ್ದೋ ಎಂಬ ವ್ಯಾಜ್ಯ ಒಂದು ಕಡೆ, ಅಲ್ಲಿ ಹೋಟೆಲು ಕಟ್ಟುವ ಆಸೆ ಇನ್ನೊಂದು ಕಡೆ. ಸಂವಿಧಾನದಲ್ಲಿದ್ದ ಪರಿಸರದ ಮಾತು ಆಗ ಉಪಯೋಗಕ್ಕೆ ಬರಲಿಲ್ಲ.

ಪರಿಸ್ಥಿತಿ ಬದಲಾದದ್ದು 2018ರ ಡಿಸೆಂಬರಿನಲ್ಲಿ. 27ನೇ ಅಧ್ಯಾಯದ ಮಾತುಕತೆ ತೆರೆಯುವಾಗ ಒಕ್ಕೂಟ ಉಲ್ಸಿನ್ ಆಗರದ ಹೆಸರನ್ನೇ ಷರತ್ತಿನಲ್ಲಿ ಬರೆಯಿತು. ಆ ಜಾಗ ಸುಧಾರಿಸದೆ ಅಧ್ಯಾಯ ಮುಗಿಯದು ಎಂದಾಯಿತು. ಸ್ಥಳೀಯ ಪರಿಸರ ಕಾರ್ಯಕರ್ತರೂ ಹೊರದೇಶಗಳ ಪಕ್ಷಿಪ್ರೇಮಿಗಳೂ ಅಷ್ಟರಲ್ಲಿ ದೊಡ್ಡ ಸಹಿ ಚಳವಳಿ ನಡೆಸಿದ್ದರು. 2019ರ ಜೂನಿನಲ್ಲಿ ಅಲ್ಲಿನ ಪುರಸಭೆ ಆಗರವನ್ನು ಸಂರಕ್ಷಿತ ನಿಸರ್ಗಧಾಮವೆಂದು ಘೋಷಿಸಿತು, ಅದೇ ವರ್ಷ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದಂಡೆ, ಕಾಲುವೆಗಳ ದುರಸ್ತಿ ಮಾತ್ರ ಕುಂಟುತ್ತಲೇ ಸಾಗಿತು ಎಂಬುದನ್ನೂ ಹೇಳಬೇಕು. ಆದರೆ ಜಾಗದ ಹೆಸರು ಷರತ್ತಿನಲ್ಲಿ ಇದ್ದದ್ದರಿಂದ ಒಕ್ಕೂಟದ ವಾರ್ಷಿಕ ವರದಿ ಆ ಲೋಪವನ್ನು ಮತ್ತೆ ಮತ್ತೆ ಎತ್ತಿ ಹೇಳಿತು, ಊರಿನವರಿಗೂ ಕೇಳಲು ಒಂದು ಆಧಾರ ಸಿಕ್ಕಿತು. ಪಶ್ಚಿಮ ಬಾಲ್ಕನ್ ದೇಶಗಳಿಗಾಗಿ ಒಕ್ಕೂಟ 2024ರಲ್ಲಿ ತಂದ 600 ಕೋಟಿ ಯೂರೊಗಳ ಹೊಸ ನಿಧಿಯಲ್ಲಂತೂ ಒಪ್ಪಿಕೊಂಡ ಸುಧಾರಣೆಯ ಹೆಜ್ಜೆ ಪೂರ್ಣಗೊಂಡ ಮೇಲೆಯೇ ಕಂತು ಬಿಡುಗಡೆಯಾಗುತ್ತದೆ. ನನ್ನ ಮಟ್ಟಿಗೆ, ಮೊತ್ತ ಎಷ್ಟೆಂಬುದಕ್ಕಿಂತ ಈ ಪದ್ಧತಿ ಹೆಚ್ಚು ಮುಖ್ಯವಾದದ್ದು.

ಈಗ ನಮ್ಮ ಅಳಿವೆಯ ಮಾತು. ಶಿರಸಿಯಲ್ಲಿ ಹುಟ್ಟಿ ಒಂದೂ ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆ, 4,801 ಹೆಕ್ಟೇರ್, 2024ರ ಜನವರಿಯಲ್ಲಿ ರಾಮ್ಸಾರ್ ತಾಣವಾಯಿತು. ಅದು ಸಂತೋಷದ ಸಂಗತಿ. ಆದರೆ ಆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹಣ ಬರುವುದಿಲ್ಲ, ಒಡ್ಡು ಗಟ್ಟಿಯಾಗುವುದಿಲ್ಲ. ಅಳಿವೆಯಂಚಿನ ತಗ್ಗು ಗದ್ದೆಗಳಾದ ಗಜನಿ ಭೂಮಿಯಲ್ಲಿ ಮುಂಗಾರಿನ ಮಳೆ ಉಪ್ಪನ್ನು ತೊಳೆದ ಮೇಲೆ, ಉಪ್ಪಿನಂಶ ತಾಳುವ ಕಗ್ಗ ಭತ್ತ ಬಿತ್ತುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಒಡ್ಡು ಒಂದು ಕಡೆ ಒಡೆದು ಬೆಳೆಯ ನಡುವೆ ಉಪ್ಪುನೀರು ನುಗ್ಗಿದರೆ ಆ ವರ್ಷದ ಭತ್ತ ಹೋಯಿತು, ಮರುವರ್ಷಕ್ಕೆ ಬಿತ್ತನೆ ಬೀಜವೂ ಇಲ್ಲ. ಹೀಗೆ ಬೇಸಾಯ ಬಿಟ್ಟವರು ಗಜನಿಯನ್ನು ಪೂರ್ತಿ ಸೀಗಡಿಗೆ ಒಪ್ಪಿಸಿದ್ದಾರೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳಡಿ ಬೆಳೆಯುವ ಮೀನಿನ ಮರಿಗಳನ್ನೂ, ಇಳಿತದ ಹೊತ್ತಿಗೆ ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರ ದುಡಿಮೆಯನ್ನೂ ಉಳಿಸುವ ಯೋಜನೆಗೆ ಈ ಒಡ್ಡುಗಳ ಲೆಕ್ಕವೇ ಗೊತ್ತಿಲ್ಲದಿದ್ದರೆ ಅದು ಯಾವ ಸಂರಕ್ಷಣೆ?

ವಿದೇಶಿ ನೆರವು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1990ರ ದಶಕದಲ್ಲಿ ಬ್ರಿಟನ್ನಿನ ನೆರವಿನ ಪಶ್ಚಿಮ ಘಟ್ಟ ಅರಣ್ಯ ಮತ್ತು ಪರಿಸರ ಯೋಜನೆಯಡಿ ಊರೂರಿಗೆ ಗ್ರಾಮ ಅರಣ್ಯ ಸಮಿತಿಗಳಾದವು. ಜನರನ್ನು ಅರಣ್ಯ ನಿರ್ವಹಣೆಗೆ ಸೇರಿಸಿಕೊಂಡ ಆ ಪ್ರಯತ್ನಕ್ಕೆ ಬೆಲೆಯಿದೆ. ಆದರೆ ಯೋಜನೆ ಮುಗಿದ ಮೇಲೆ ಅನೇಕ ಕಡೆ ಸಮಿತಿಗಳು ಹೆಸರಿಗಷ್ಟೇ ಉಳಿದವು. ಅಂದು ಬಂದದ್ದು ತೀರಿಸಬೇಕಿಲ್ಲದ ನೆರವಿನ ಹಣ. ಈಗ ವಿಶ್ವಬ್ಯಾಂಕಿನಿಂದ ಬರುತ್ತಿರುವುದು ನಾವೇ ತೀರಿಸಬೇಕಾದ ಸಾಲ, ಆದ್ದರಿಂದ ಷರತ್ತು ಕೇಳುವ ಹಕ್ಕು ನಮಗೆ ಇನ್ನೂ ಹೆಚ್ಚು.

ಆದಕಾರಣ ಸರ್ಕಾರದಲ್ಲಿ ನನ್ನ ಕೋರಿಕೆಯಿಷ್ಟು. ಕೆ-ಶೋರ್ ಯೋಜನೆಯ ಕಾರ್ಯಪಟ್ಟಿಯಲ್ಲಿ ಅಘನಾಶಿನಿ ಅಳಿವೆ, ಸಾಣಿಕಟ್ಟಾ ಆಗರ ಮತ್ತು ದುರಸ್ತಿಯಾಗಬೇಕಾದ ಪ್ರತಿ ಗಜನಿ ಒಡ್ಡಿನ ಹೆಸರು ಇರಲಿ. ಕೆಲಸ ಮುಗಿದದ್ದನ್ನು ಅಲ್ಲಿನ ಗ್ರಾಮಸಭೆ ನೋಡಿ ಒಪ್ಪಿದ ಮೇಲೆ ಮುಂದಿನ ಕಂತು ಬಿಡುಗಡೆಯಾಗಲಿ. ಕರಾರಿನ ಕನ್ನಡ ಪ್ರತಿಯನ್ನು ಸಂಬಂಧಪಟ್ಟ ಪಂಚಾಯಿತಿಗಳಲ್ಲಿ ಇಡಬೇಕು, ಮತ್ತು ಒಡ್ಡಿನ ಕೆಲಸ ನಡೆಯಲು ಸಾಧ್ಯವಿರುವುದು ಬೇಸಿಗೆಯಲ್ಲಿ ಮಾತ್ರವಾದ್ದರಿಂದ, ಜಿಲ್ಲಾಡಳಿತ ಅದಕ್ಕೆ ಮೊದಲೇ ಕುಮಟಾದಲ್ಲಿ ಗಜನಿ ರೈತರು, ಮೀನುಗಾರರು ಮತ್ತು ಬಳಚು ಹೆಕ್ಕುವವರ ಸಭೆ ಕರೆಯಬೇಕು.

ಇತಿ,
ಒಬ್ಬ ಓದುಗ
ಕುಮಟಾ, ಉತ್ತರ ಕನ್ನಡ